ಹಕ್ಕಲಾಯುವ ಮೂವರನ್ನು ಕಂಡು ಪ್ಯಾರಿಸ್ಸಿಗೇಕೆ ಸಿಟ್ಟು?

ಓದುಗರ ಪ್ರಶ್ನೆ: ಫ್ರೆಂಚ್ ಚಿತ್ರಕಾರ ಮಿಲೆಯ ಪ್ರಸಿದ್ಧ ಚಿತ್ರ ‘ಹಕ್ಕಲಾಯುವವರು’ (ದಿ ಗ್ಲೀನರ್ಸ್) ಇದರಲ್ಲಿ ಮೂವರು ಹಳ್ಳಿ ಹೆಂಗಸರು ಹೊಲದಲ್ಲಿ ತೆನೆ ಆಯುತ್ತಿದ್ದಾರೆ, ಅಷ್ಟೇ. ನೋಡಲು ಹಿತವಾಗಿಯೇ ಇದೆ. ಬಡತನಕ್ಕೆ ಬಣ್ಣ ಬಳಿದ ಹಾಗಲ್ಲವೇ ಇದು? ಆಗ ಇದನ್ನು ಕಂಡು ಹಲವರು ರೇಗಿದರಂತೆ, ಯಾಕೆ?

ಉತ್ತರ: ಈ ಚಿತ್ರದಲ್ಲಿ ಮುಖ ಹುಡುಕಬೇಡಿ, ಅವು ನೆರಳಿನಲ್ಲಿವೆ. ಬೆನ್ನುಗಳನ್ನು ನೋಡಿ. ಇಬ್ಬರು ಸೊಂಟ ಮುರಿಯುವಂತೆ ಬಗ್ಗಿದ್ದಾರೆ. ಎಡಗಡೆಯವಳ ಒಂದು ಕೈ ನೆಲಕ್ಕೆ ಚಾಚಿದೆ; ಆಯ್ದ ತೆನೆಗಳನ್ನು ಹಿಡಿದ ಇನ್ನೊಂದು ಕೈ ಬೆನ್ನ ಮೇಲಿದೆ. ಬಹಳ ಹೊತ್ತು ಬಗ್ಗಿ ದುಡಿದವರ ಮೈಗೆ ತಾನಾಗಿ ಬರುವ ಭಂಗಿ ಅದು, ಚಿತ್ರಕ್ಕೆಂದು ನಿಂತವರದ್ದಲ್ಲ. ಮೂರನೆಯವಳು ಅರ್ಧ ಎದ್ದಿದ್ದಾಳೆ, ಪೂರ್ತಿ ನೆಟ್ಟಗಾಗಿಲ್ಲ.

ಈಗ ಅವರ ಹಿಂದಕ್ಕೆ ಕಣ್ಣು ಹಾಯಿಸಿ. ದೊಡ್ಡ ಬಣವೆಗಳು, ಪೈರು ಹೇರಿದ ಗಾಡಿ, ಕಟಾವಿನ ಆಳುಗಳು, ಬಲಕ್ಕೆ ಕುದುರೆ ಏರಿದ ಮೇಲ್ವಿಚಾರಕ. ಸುಗ್ಗಿಯ ಬೆಳಕೆಲ್ಲ ಅಲ್ಲೇ ಸುರಿದಿದೆ. ಕೊಯ್ಲು ಮುಗಿದ ಹೊಲದಲ್ಲಿ ಉದುರಿದ ತೆನೆ ಆಯ್ದುಕೊಳ್ಳುವುದು ಫ್ರಾನ್ಸಿನ ಬಡವರಿಗೆ ಹಳೆಯ ಕಾಲದಿಂದ ಇದ್ದ ಹಕ್ಕು. ಆ ರಾಶಿಯಲ್ಲಿ ಇವರಿಗೆ ಪಾಲಿಲ್ಲ, ಉದುರಿದ್ದಷ್ಟೇ ಇವರದು. ನನ್ನ ಮಟ್ಟಿಗೆ ಚಿತ್ರದ ಅರ್ಥವೆಲ್ಲ ಈ ದೂರದಲ್ಲಿದೆ. ಧಣಿಯ ಕಡೆಯವನು ಚುಕ್ಕೆಯಾಗಿ ಉಳಿದಿದ್ದಾನೆ. ಹಕ್ಕಲಾಯುವವರು ಮುಂದೆ ಬಂದು ಚಿತ್ರವನ್ನೇ ತುಂಬಿದ್ದಾರೆ.

ಸಿಟ್ಟು ಬಂದದ್ದೂ ಇದಕ್ಕೇ. ಚಿತ್ರ ಪ್ಯಾರಿಸ್ಸಿನ ಸಲೋನ್ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಬಂದದ್ದು 1857ರಲ್ಲಿ. ಫ್ರಾನ್ಸಿನ ದೊರೆಯನ್ನು ಕೆಳಗಿಳಿಸಿದ 1848ರ ಕ್ರಾಂತಿ ಕಳೆದು ಹತ್ತು ವರ್ಷವೂ ಆಗಿರಲಿಲ್ಲ, ಉಳ್ಳವರ ಎದೆಯಲ್ಲಿ ಅದರ ಅಳುಕು ಇನ್ನೂ ಇತ್ತು. ಒಬ್ಬ ವಿಮರ್ಶಕನಿಗಂತೂ ಈ ಮೂವರ ಬೆನ್ನ ಹಿಂದೆ ದಂಗೆಯ ಭರ್ಜಿಗಳೂ ಮೊದಲ ಫ್ರೆಂಚ್ ಕ್ರಾಂತಿಯ ಕಾಲದ, 1793ರ ವಧಾಸ್ತಂಭಗಳೂ ಕಂಡವು! ಮಿಲೆ ಬರೆದದ್ದು ಹೊಲ, ಬೆನ್ನು, ತೆನೆ ಮಾತ್ರ.

ಇನ್ನು ಬಣ್ಣ ಬಳಿದ ಮಾತು. ನೀಲಿ, ಕೆಂಪು ತಲೆವಸ್ತ್ರಗಳು ಕಣ್ಣಿಗೆ ಹಿತ, ನಿಜ. ಆದರೆ ಮಿಲೆ ಅವರ ದಣಿವನ್ನು ಮರೆಸಿಲ್ಲ, ಅವರಿಂದ ಕಣ್ಣೀರೂ ಹಾಕಿಸಿಲ್ಲ. ಕನಿಕರ ಬೇಡುವ ಚಿತ್ರವಾಗಿದ್ದರೆ ಪ್ಯಾರಿಸ್ಸಿನ ಸಿರಿವಂತರು ಅಯ್ಯೋ ಪಾಪ ಎಂದು ಮುಂದೆ ಹೋಗಬಹುದಿತ್ತು. ಈ ಚಿತ್ರ ಅವರಿಗೆ ಆ ಅವಕಾಶ ಕೊಡಲಿಲ್ಲ.