ಲಿಂಗತ್ವ ಗುರುತು: ಹುಟ್ಟಿನಿಂದಲೋ, ಬೆಳೆಸಿದ್ದರಿಂದಲೋ?

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದ ಎರಡು ಹೊರೆ ಹೊತ್ತಿತ್ತು. ಒಂದು ದೇಹದ್ದು: ಕ್ರೋಮೋಸೋಮು, ಹಾರ್ಮೋನು, ಜನನಾಂಗ. ಇನ್ನೊಂದು, ಗಂಡಾದವನು ಹೀಗಿರಬೇಕು, ಹೆಣ್ಣಾದವಳು ಹಾಗಿರಬೇಕು ಎಂದು ಸಮಾಜ ವಿಧಿಸುವುದು. ಈ ಎರಡನೆಯದಕ್ಕೆ ‘ಲಿಂಗತ್ವ’ ಎಂಬ ಪದ ಬಂತು. ‘ಲಿಂಗತ್ವ ಗುರುತು’ ಎಂದರೆ, ನಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂಬುದು ಒಬ್ಬರಿಗೆ ಒಳಗಿನಿಂದಲೇ ತಿಳಿದಿರುವುದು. ಯಾರ ಮೇಲೆ ಒಲವು ಎಂಬುದು ಬೇರೆಯದೇ ಮಾತು.

ಈ ತಿಳಿವು ಸಾಕಿದ ರೀತಿಯಿಂದ ಬರುತ್ತದೆ ಎಂದು ಬಲವಾಗಿ ವಾದಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಜಾನ್ ಮನಿ. ಅವರ ವಾದಕ್ಕೆ ಬೆಲೆ ತೆತ್ತದ್ದು ಒಂದು ಮಗು. 1965ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಅವಳಿ ಗಂಡುಮಕ್ಕಳಲ್ಲಿ ಒಬ್ಬನಿಗೆ ಮುಂದೊಗಲು ತೆಗೆಯುವಾಗ ಶಿಶ್ನ ಸುಟ್ಟುಹೋಯಿತು. ಮನಿ ಅವರ ಸಲಹೆಯಂತೆ ವೃಷಣಗಳನ್ನೂ ತೆಗೆಸಿ, ಬ್ರೆಂಡಾ ಎಂದು ಹೆಸರಿಟ್ಟು, ಫ್ರಾಕು ತೊಡಿಸಿ ಹೆಣ್ಣಾಗಿ ಬೆಳೆಸಿದರು. ಪ್ರಯೋಗ ಗೆದ್ದಿದೆ ಎಂದು ಮನಿ ಬರೆದರು. ಮನೆಯಲ್ಲಿ ಮಾತ್ರ ಆ ಮಗು ಫ್ರಾಕನ್ನು ಕಿತ್ತೆಸೆಯಲು ನೋಡುತ್ತಿತ್ತು, ಶಾಲೆಯಲ್ಲಿ ಒಂಟಿಯಾಗಿತ್ತು. 1980ರಲ್ಲಿ ತಂದೆ ನಿಜ ಹೇಳಿದಾಗ ವಯಸ್ಸು 14. ಆಮೇಲೆ ಡೇವಿಡ್ ರೈಮರ್ ಆಗಿ, ಗಂಡಾಗಿಯೇ ಬಾಳಿದರು. 1997ರಲ್ಲಿ ಸಂಶೋಧಕ ಮಿಲ್ಟನ್ ಡೈಮಂಡ್ ಮತ್ತು ಮನೋವೈದ್ಯ ಕೀತ್ ಸಿಗ್ಮಂಡ್ಸನ್ ಈ ಸತ್ಯವನ್ನು ಪ್ರಕಟಿಸುವವರೆಗೂ ವೈದ್ಯರು ಆ ‘ಗೆಲುವ’ನ್ನು ನಂಬಿದ್ದರು. 2004ರಲ್ಲಿ, 38ನೇ ವಯಸ್ಸಿನಲ್ಲಿ ಡೇವಿಡ್ ತೀರಿಕೊಂಡರು. ಅವರ ಬಾಲ್ಯವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ; ಆ ಮಗು ಹೇಳುತ್ತಲೇ ಇತ್ತು, ಕೇಳಿಸಿಕೊಂಡವರಿರಲಿಲ್ಲ.

ಹಾಗಾದರೆ ಎಲ್ಲವೂ ಹುಟ್ಟಿನಿಂದಲೇ ಎನ್ನೋಣವೇ? ಅದೂ ಅವಸರದ ಮಾತು. ಜನನಾಂಗ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ, ಎಕ್ಸ್‌ವೈ (ಸಾಮಾನ್ಯವಾಗಿ ಗಂಡಿನಲ್ಲಿರುವ) ಕ್ರೋಮೋಸೋಮಿನ 14 ಮಕ್ಕಳನ್ನು ಹೆಣ್ಣಾಗಿ ಬೆಳೆಸಿದ್ದರ ಬಗ್ಗೆ 2004ರಲ್ಲಿ ಅಧ್ಯಯನವೊಂದು ಬಂತು. 8 ಮಂದಿ ತಾವು ಗಂಡು ಎಂದರು. ಉಳಿದವರಲ್ಲಿ ಹೆಚ್ಚಿನವರು ಹೆಣ್ಣಾಗಿಯೇ ಉಳಿದರು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದ ಗರ್ಭದಲ್ಲೇ ಗಂಡು ಹಾರ್ಮೋನು ಹೆಚ್ಚಾಗಿ ಸಿಕ್ಕ ಹೆಣ್ಣುಮಕ್ಕಳು ಗಂಡುಮಕ್ಕಳ ಆಟಗಳತ್ತ ವಾಲುತ್ತಾರೆ, ಆದರೂ ಅವರಲ್ಲಿ ಬಹುಪಾಲು ತಮ್ಮನ್ನು ಹೆಣ್ಣೆಂದೇ ಕಾಣುತ್ತಾರೆ. ಆಟ ಬೇರೆ, ಗುರುತು ಬೇರೆ. ಗುರುತನ್ನು ನಿರ್ಧರಿಸುವ ಒಂದೇ ಜೀನು ಎಂಬುದೂ ಪತ್ತೆಯಾಗಿಲ್ಲ.

ಸಾಕಣೆಗೆ ಕೆಲಸವೇ ಇಲ್ಲವೆಂದಲ್ಲ. ಸೀರೆಯೋ ಪಂಚೆಯೋ, ಅಡುಗೆಮನೆಯೋ ಆಟದ ಬಯಲೋ ಎಂಬುದನ್ನೆಲ್ಲ ಮಗು ಕಲಿಯುವುದು ಸುತ್ತಲಿನವರಿಂದಲೇ. ಒಳಗಿನದನ್ನು ಹೇಳಿಕೊಳ್ಳಲು ಮಾತು, ಧೈರ್ಯ ಸಿಗುವುದೂ ಬಾಯಿ ಕಟ್ಟಿಹೋಗುವುದೂ ಮನೆಯಲ್ಲೇ.

ನಮ್ಮ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಪ್ರಕರಣದ 2014ರ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿಕೊಂಡಿತು. ಅದಕ್ಕೆ ಶಸ್ತ್ರಚಿಕಿತ್ಸೆಯ ಪುರಾವೆ ಕೇಳುವಂತಿಲ್ಲ ಎಂದೂ ಹೇಳಿತು.