ಸೈಡ್‌ಕಾರ್ ಹಾಕಿಸುವ ಮುಂಚೆ ಬೈಕ್ ಓಡಿಸುವುದನ್ನು ಮರೆಯಿರಿ

ಮೂವತ್ತು ವರ್ಷ ಬುಲೆಟ್ ಓಡಿಸಿದ ಮೇಷ್ಟ್ರೊಬ್ಬರು ಮೈಸೂರಿನ ನಮ್ಮ ಗ್ಯಾರೇಜಿಗೆ ಬಂದಿದ್ದರು. ಹೆಂಡತಿಗೆ ಮಂಡಿನೋವು, ಹಿಂದಿನ ಸೀಟಿಗೆ ಹತ್ತಲು ಆಗುತ್ತಿರಲಿಲ್ಲ. ಗಾಡಿ ಮಾರಲು ಮೇಷ್ಟ್ರಿಗೆ ಮನಸ್ಸಿಲ್ಲ, ಹೆಂಡತಿಯನ್ನು ಬಿಟ್ಟು ಒಬ್ಬರೇ ತಿರುಗಲೂ ಮನಸ್ಸಿಲ್ಲ. ಬೈಕಿನ ಪಕ್ಕಕ್ಕೆ ಜೋಡಿಸುವ ಒಂದು ಚಕ್ರದ ಸೀಟು, ಅಂದರೆ ಸೈಡ್‌ಕಾರ್ ಹಾಕಿಸಿದರು. ಓಡಿಸಿ ನೋಡಲು ಬೆಳಿಗ್ಗೆ ಆರಕ್ಕೆ ಖಾಲಿ ಮೈದಾನಕ್ಕೆ ಹೋದೆವು. ಹೇಳಿಕೊಡಲು ಬಾಯಿ ತೆರೆದೆ. "ನಂಗೇ ಬೈಕ್ ಹೇಳ್ಕೊಡ್ತೀಯೇನಪ್ಪಾ?" ಅಂತ ನಕ್ಕು ಗೇರ್ ಹಾಕಿದರು.

ಎಡಕ್ಕೆ ತಿರುಗಿಸಲು ಹೋದರು. ಗಾಡಿ ಬಲಕ್ಕೆ ಹೋಯಿತು. ಇನ್ನೂ ಜೋರಾಗಿ ಎಡಕ್ಕೆ ವಾಲಿದರು. ಇನ್ನೂ ಬಲಕ್ಕೆ ಹೋಯಿತು. ಕಾಂಪೌಂಡ್ ಗೋಡೆಗೆ ಒಂದು ಮಾರು ಇರುವಾಗ ನಿಂತಿತು. ಇಳಿದವರು ಮೊದಲು ಮುಂದಿನ ಚಕ್ರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಗಾಡಿಯಲ್ಲಿ ದೋಷವೇನೂ ಇರಲಿಲ್ಲ. ಅವರ ಕೈ ಮೂವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿತ್ತು. ಬರೀ ಬೈಕಿನಲ್ಲಿ ಸ್ವಲ್ಪ ವೇಗದಲ್ಲಿ ಎಡಕ್ಕೆ ಹೋಗಬೇಕಾದರೆ ನಾವು ಗೊತ್ತಿಲ್ಲದೆಯೇ ಎಡಗಡೆ ಹಿಡಿಯನ್ನು ಒಂಚೂರು ಮುಂದಕ್ಕೆ ಒತ್ತುತ್ತೇವೆ. ಮುಂದಿನ ಚಕ್ರ ಒಂದು ಕ್ಷಣ ಬಲಕ್ಕೆ ಹೊರಳುತ್ತದೆ, ಬೈಕ್ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ಸೈಡ್‌ಕಾರ್ ಹಾಕಿದ ಮೇಲೆ ಬೈಕ್ ವಾಲುವುದೇ ಇಲ್ಲ. ಹ್ಯಾಂಡಲ್ ಎತ್ತ ತಿರುಗಿತೋ ಗಾಡಿ ಅತ್ತಲೇ. ಎಡಹಿಡಿ ಒತ್ತಿದರೆ ಗಾಡಿ ಬಲಕ್ಕೆ ಹೋಗಲೇಬೇಕು.

ಅದಕ್ಕೇ ಸೈಡ್‌ಕಾರ್ ವಿಷಯದಲ್ಲಿ ನನಗೆ ಹಳೇ ಸವಾರರ ಬಗ್ಗೆಯೇ ಹೆಚ್ಚು ಭಯ. ಆಟೋ ಓಡಿಸಿದವರು ಬೇಗ ಕಲಿಯುತ್ತಾರೆ. ಮೂರು ಚಕ್ರದ ಮೇಲೆ ಹ್ಯಾಂಡಲ್ ತಿರುಗಿಸಿಯೇ ಅವರಿಗೆ ಅಭ್ಯಾಸ. ಚೆನ್ನಾಗಿ ಬೈಕ್ ಬರುವವರು ಮಾತ್ರ ಮೊದಲು ತಮ್ಮ ಕೈಯ ಅಭ್ಯಾಸ ಬಿಡಿಸಿಕೊಳ್ಳಬೇಕು.

ಎರಡನೇ ವಿಷಯ ಎಳೆತ. ನಮ್ಮಲ್ಲಿ ವಾಹನ ರಸ್ತೆಯ ಎಡಕ್ಕೆ ಓಡುವುದರಿಂದ ಸೈಡ್‌ಕಾರ್ ಕೂಡ ಎಡಕ್ಕೇ. ಎತ್ತಿನ ಗಾಡಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಡಗಡೆಯದು ಸೋಮಾರಿ ಎತ್ತು ಅಂದುಕೊಳ್ಳಿ. ಹೊರಡುವಾಗ ಅದು ಹಿಂದೆ ಉಳಿಯುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ನಿಲ್ಲಿಸುವಾಗ ಅದು ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಎಕ್ಸಲರೇಟರ್ ಕೊಟ್ಟಾಗ ಎಡಕ್ಕೆ, ಬ್ರೇಕ್ ಹಾಕಿದಾಗ ಬಲಕ್ಕೆ. ಬಲಕ್ಕೆ ಅಂದರೆ ಎದುರಿಂದ ಬರುವ ಬಸ್ಸಿನ ಕಡೆಗೆ, ಅಲ್ವಾ? ಹಾಗಾಗಿ ಸೈಡ್‌ಕಾರ್ ಚಕ್ರಕ್ಕೂ ಬ್ರೇಕ್ ಇರಲಿ ಅಂತ ನಾನು ಹಟ ಹಿಡಿಯುತ್ತೇನೆ. ಖರ್ಚು ಉಳಿಸಬೇಕಿದ್ದರೆ ಬಣ್ಣದಲ್ಲಿ ಉಳಿಸಿ.

ಇನ್ನು ಎಡತಿರುವು. ಅಪಾಯ ಕಾದಿರುವುದು ಇಲ್ಲೇ. ವೇಗವಾಗಿ ಎಡಕ್ಕೆ ತಿರುಗಿದರೆ ಭಾರ ಬಲಕ್ಕೆ ತಳ್ಳಿಕೊಂಡು ಸೈಡ್‌ಕಾರ್ ಚಕ್ರ ನೆಲ ಬಿಡುತ್ತದೆ. ಖಾಲಿ ಸೈಡ್‌ಕಾರ್ ಆದರೆ ಆಟೋ ಓಡುವ ವೇಗಕ್ಕೇ ಏಳುತ್ತದೆ. ಆಗ ಗಾಬರಿಯಿಂದ ಇನ್ನೂ ಎಡಕ್ಕೆ ಎಳೆದರೆ ಗಾಡಿ ಬಲಕ್ಕೆ ಮಗುಚುತ್ತದೆ. ಮಾಡಬೇಕಾದ್ದು ಇಷ್ಟು: ಎಕ್ಸಲರೇಟರ್ ನಿಧಾನವಾಗಿ ಇಳಿಸಿ, ಮೈಯನ್ನು ಎಡಕ್ಕೆ ಹಾಕಿ, ಹ್ಯಾಂಡಲ್ ಸ್ವಲ್ಪ ನೇರ ಮಾಡಿ. ಚಕ್ರ ಕೂತುಕೊಳ್ಳುತ್ತದೆ. ಆದರೆ ನೇರ ಮಾಡಲು ಬಲಗಡೆ ಜಾಗ ಬೇಕು. ರಸ್ತೆಯಲ್ಲಿ ಆ ಜಾಗ ಸಿಗುವ ಖಾತ್ರಿಯಿಲ್ಲ. ಆದ್ದರಿಂದ ಎಡತಿರುವಿಗೆ ಮುಂಚೆಯೇ ವೇಗ ಇಳಿಸಿಬಿಡಿ.

ಮೇಷ್ಟ್ರಿಗೆ ಮೂರು ವಾರ ಮೈದಾನದಲ್ಲೇ ಎಡಕ್ಕೆ ಸುತ್ತು ಹಾಕಿಸಿದೆ. ಹೆಂಡತಿ ಕೂರುವ ಜಾಗದಲ್ಲಿ ನಲವತ್ತು ಕೆ.ಜಿ. ರಾಗಿ ಮೂಟೆ. ಹಗ್ಗ ಹಾಕಿ ಬಿಗಿದು ಕಟ್ಟಿದ್ದೆ, ಸರಿದಾಡುವ ಮೂಟೆ ಇದ್ದೂ ಪ್ರಯೋಜನವಿಲ್ಲ. ಎರಡನೇ ವಾರ ಮೂಟೆ ಇಳಿಸಿ, ಬೇಕೂಂತಲೇ ಚಕ್ರ ನಾಲ್ಕು ಬೆರಳು ಏಳುವ ಹಾಗೆ ಸುತ್ತು ಹಾಕಿಸಿದೆ. ಅದು ಏಳುವಾಗ ಹ್ಯಾಂಡಲ್ ಹಗುರ ಅನ್ನಿಸುತ್ತದೆ, ಸೀಟು ಬಲಕ್ಕೆ ಜಾರಿದ ಹಾಗಾಗುತ್ತದೆ. ಆ ಅನುಭವ ಒಮ್ಮೆ ಮೈಗೆ ಹತ್ತಿದರೆ ರಸ್ತೆಯಲ್ಲಿ ಗಾಬರಿಯಾಗುವುದಿಲ್ಲ. ಒಬ್ಬರೇ ಹೋಗುವಾಗ ಈಗಲೂ ಅವರು ಮೂಟೆ ಹಾಕಿಕೊಂಡೇ ಹೋಗುತ್ತಾರೆ.

ಬಲತಿರುವಿನಲ್ಲಿ ಸೈಡ್‌ಕಾರ್ ನೆಲಕ್ಕೆ ಒತ್ತಿಕೊಳ್ಳುವುದರಿಂದ ಭದ್ರವಾಗಿದೆ ಅನ್ನಿಸುತ್ತದೆ. ಮಿತಿ ಮೀರಿದರೆ ಬೈಕಿನ ಹಿಂದಿನ ಚಕ್ರ ಎದ್ದು ಸೈಡ್‌ಕಾರಿನ ಮೂತಿ ನೆಲಕ್ಕೆ ಕುಕ್ಕುತ್ತದೆ. ಬೆಟ್ಟ ಇಳಿಯುವಾಗ, ತಿರುವಿನ ಮಧ್ಯೆ ಬ್ರೇಕ್ ಹಾಕಿದಾಗ ಇದು ಆಗುತ್ತದೆ. ಚಾಮುಂಡಿ ಬೆಟ್ಟ ಹತ್ತುವ ಆಸೆ ಎಲ್ಲರಿಗೂ ಇರುತ್ತದೆ. ಹತ್ತುವುದು ಸುಲಭ. ಕೆಳಗೆ ಬರುವಾಗ ಮಾತ್ರ ಎರಡನೇ ಗೇರಿನಲ್ಲೇ ಬನ್ನಿ.

ಈಗ ಜೋಡಣೆಯ ಮಾತು. ನನ್ನ ಅರ್ಧ ಕೆಲಸ ಬೇರೆಯವರು ಜೋಡಿಸಿದ್ದನ್ನು ಬಿಚ್ಚುವುದೇ. ಒಂದು ಕಡೆ ಬುಲೆಟ್ ಫ್ರೇಮಿಗೆ ನೇರವಾಗಿ ವೆಲ್ಡ್ ಮಾಡಿ ಕಳಿಸಿದ್ದರು. ವೆಲ್ಡಿನ ಪಕ್ಕದಲ್ಲೇ ಪೇಂಟಿನ ಮೇಲೆ ಕೂದಲೆಳೆಯಂಥ ಗೆರೆ. ಉಗುರಿನಿಂದ ಕೆರೆದೆ, ಪೇಂಟ್ ಎದ್ದು ಬಂತು, ಒಳಗೆ ತುಕ್ಕು ಹಿಡಿದ ಬಿರುಕು. ಹಳೇ ಬುಲೆಟ್‌ನಲ್ಲಿ ಮುಂದಿನ ಪೈಪ್ ಇಂಜಿನ್ ತನಕ ಬಂದು ನಿಲ್ಲುತ್ತದೆ. ಇಂಜಿನ್ನಿನ ಕೆಳಗೆ ಫ್ರೇಮೇ ಇಲ್ಲ, ಇಂಜಿನ್ನೇ ಫ್ರೇಮಿನ ಒಂದು ಭಾಗ. ಅದಕ್ಕೆ ಪಕ್ಕದಿಂದ ಇನ್ನೊಂದು ಗಾಡಿಯ ಭಾರ ಎಳೆಸಲು ಕೆಳಗೆ ಬೇರೆ ಸಬ್‌ಫ್ರೇಮ್ ಕಟ್ಟಲೇಬೇಕು. ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಕಡೆ ಕ್ಲ್ಯಾಂಪು. ಮೂರು ಸಾಕು ಅನ್ನುವವರ ಹತ್ತಿರ ಹೋಗಬೇಡಿ.

ಹಳೇ ಜಾವಾ ಬೈಕ್ ಇದ್ದವರಿಗೆ ಇನ್ನೊಂದು ತೊಡಕು. ನಮ್ಮೂರಲ್ಲೇ ತಯಾರಾದ ಗಾಡಿ, 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಇಲ್ಲಿ ಅದರ ಮೇಲಿನ ಪ್ರೀತಿ ಇಳಿದಿಲ್ಲ. ಜಾವಾದಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಜಾವಾದ ಮೂಲ ಜೆಕ್ ನಾಡು. ರಸ್ತೆಯ ಬಲಕ್ಕೆ ಓಡಿಸುವ ಅಲ್ಲಿ ಸೈಡ್‌ಕಾರ್ ಬಲಕ್ಕೆ ಬರುವುದರಿಂದ ಕಾಲಿಗೆ ಏನೂ ಅಡ್ಡವಿಲ್ಲ. ಇಲ್ಲಿ ಎಡಕ್ಕೆ ಹಾಕಿದಾಗ ಕಿಕ್ ಹೊಡೆಯುವ ಕಾಲಿಗೆ ಜಾಗ ಬಿಟ್ಟೇ ಅಳತೆ ಹಾಕಬೇಕು. ಹಾಗಂತ ಬಲಕ್ಕೆ ಸೈಡ್‌ಕಾರ್ ಇರುವ ರಷ್ಯಾದ ಉರಾಲ್ ಬೈಕ್ ನೋಡಿ ಮರುಳಾಗಿ ಸೈಡ್‌ಕಾರನ್ನು ಬಲಕ್ಕೆ ಹಾಕಿಸಬೇಡಿ. ಕೂತವರು ಇಳಿಯುವುದು ಟ್ರಾಫಿಕ್ ಮಧ್ಯಕ್ಕೆ.

ಅಲೈನ್‌ಮೆಂಟಿಗೆ ದೊಡ್ಡ ಮಿಷನ್ ಏನೂ ಬೇಡ. ಮಟ್ಟಸವಾದ ಸಿಮೆಂಟ್ ನೆಲ, ಎರಡು ನೇರವಾದ ಅಲ್ಯೂಮಿನಿಯಂ ಪಟ್ಟಿ, ನಾಲ್ಕು ಇಟ್ಟಿಗೆ, ಗಾರೆಯವರು ಬಳಸುವ ತೂಗುಗುಂಡು. ಇಟ್ಟಿಗೆಯ ಮೇಲೆ ಪಟ್ಟಿ ಇಟ್ಟು, ಒಂದನ್ನು ಬೈಕಿನ ಎರಡೂ ಚಕ್ರಕ್ಕೆ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ ತಾಗಿಸಿ. ಎರಡರ ನಡುವಿನ ಅಂತರ ಹಿಂದೆ ಇರುವುದಕ್ಕಿಂತ ಮುಂದೆ 15ರಿಂದ 20 ಮಿ.ಮೀ. ಕಡಿಮೆ ಇರಬೇಕು. ಈ ವ್ಯತ್ಯಾಸ ಕಡಿಮೆಯಾದರೆ ಗಾಡಿ ಸದಾ ಎಡಕ್ಕೆ ಎಳೆಯುತ್ತದೆ, ಜಾಸ್ತಿಯಾದರೆ ಟೈರ್ ಸವೆದು ಹೋಗುತ್ತದೆ. ಆಮೇಲೆ ಬೈಕನ್ನು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿಸಿ. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ. ಆ ಇಳಿಜಾರಿಗೆ ಈ ವಾಲು ಸರಿಹೋಗುತ್ತದೆ. ಸೈಡ್‌ಕಾರ್ ಚಕ್ರ ಬೈಕಿನ ಹಿಂದಿನ ಚಕ್ರದ ನೇರಕ್ಕಲ್ಲ, ಅದಕ್ಕಿಂತ ಸುಮಾರು 6ರಿಂದ 8 ಇಂಚು ಮುಂದಿರಲಿ. ಮುಖ್ಯವಾಗಿ, ಇದೆಲ್ಲ ಅಳೆಯುವಾಗ ಸವಾರ ಸೀಟಿನ ಮೇಲಿರಬೇಕು, ಮೂಟೆ ಒಳಗಿರಬೇಕು. ಖಾಲಿ ಗಾಡಿಯಲ್ಲಿ ಅಳೆದದ್ದು ಭಾರ ಬಿದ್ದ ಕೂಡಲೇ ಬದಲಾಗುತ್ತದೆ. ಮೇಷ್ಟ್ರನ್ನು ಸುಮ್ನೆ ಒಂದು ಗಂಟೆ ಗಾಡಿ ಮೇಲೆ ಕೂರಿಸಿದ್ದೆ.

ಗಂಟೆಗೆ 25ರಿಂದ 40 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ನಡುಗುವುದು ಈ ಗಾಡಿಗಳ ಗುಣ. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಹಿಡಿತಕ್ಕೆ ಬರುತ್ತದೆ. ನಡುಕ ಒಮ್ಮೆಲೇ ಹೆಚ್ಚಾದರೆ ಹ್ಯಾಂಡಲ್ ಬುಡದ ಕೋನ್ ಬೇರಿಂಗ್ ನೋಡಿಸಿ. ಇಂಜಿನ್ನಿಗೆ ಭಾರ ತಗ್ಗಿಸಲು ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದೋ ಎರಡೋ ಹಲ್ಲು ಕಡಿಮೆ ಇರುವುದನ್ನು ಹಾಕುತ್ತೇನೆ. ಟಾಪ್ ಸ್ಪೀಡ್ ಹೋಗುತ್ತದೆ. ಈ ಗಾಡಿಗೆ 50–60 ಸಾಕು.

ಕಾಗದಪತ್ರ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್‌ಸೈಕಲ್ ಅಂದರೆ ಕಳಚಬಹುದಾದ ಸೈಡ್‌ಕಾರೂ ಸೇರಿದ ಎರಡು ಚಕ್ರದ ವಾಹನ ಅಂತಲೇ ಇದೆ. ಅದನ್ನೇ ನಂಬಿ ಸುಮ್ಮನಿರಬೇಡಿ. ಅದೇ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡುವುದಿಲ್ಲ. ಸೈಡ್‌ಕಾರ್ ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಬರೆಸಿ, ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ. ಒಳಗೆ ಕೂತವರಿಗೂ ಹೆಲ್ಮೆಟ್ ಇರಲಿ.

ಜೋಡಿಸಿದ ಮೇಲೆ ನೂರು ಕಿ.ಮೀ.ಗೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಎಲ್ಲ ಬೋಲ್ಟನ್ನೂ ಬಿಗಿ ಮಾಡಿಸಬೇಕು. ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಬೇಕು, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ವಾಲದೆ ತಿರುಗುವ ಗಾಡಿಯಲ್ಲಿ ಕಡ್ಡಿಗಳ ಮೇಲೆ ಪಕ್ಕದ ಎಳೆತ ಬಹಳ. ಮೇಷ್ಟ್ರು ಐನೂರಕ್ಕೆ ಸರಿಯಾಗಿ ಬಂದರು. ಮೇಲಿನ ಒಂದು ಬೋಲ್ಟ್ ಅರ್ಧ ಸುತ್ತು ಬಿಗಿ ತೆಗೆದುಕೊಂಡಿತು, ಎರಡು ಕಡ್ಡಿ ಸಡಿಲವಿತ್ತು. ಅಮ್ಮಾವ್ರು ಸೈಡ್‌ಕಾರ್‌ನಿಂದ ಇಳಿಯಲಿಲ್ಲ. "ನಾನಿಲ್ಲೇ ಇರ್ತೀನಪ್ಪ, ಭಾರ ಬೇಕಲ್ವಾ ನಿಂಗೆ?" ಅಂದರು. ಟೀ ಅಲ್ಲಿಗೇ ತರಿಸಿಕೊಟ್ಟೆ.