ಮುಚ್ಚದೆ ಬಿಟ್ಟ ಡ್ಯಾಶ್

ಹಂಪನಕಟ್ಟೆಯ ನನ್ನ ಕೋಣೆಗೆ ಪ್ರಬಂಧ ತಿದ್ದಿಸಲು ಬರುವವರು ಹೇಳುವುದು ಒಂದೇ ಮಾತು: "ಸರ್, ಇಂಗ್ಲಿಷ್ ಎಲ್ಲ ಸರಿ ಇದೆ, ಒಮ್ಮೆ ಕಣ್ಣಾಡಿಸಿದರೆ ಸಾಕು." ಹೆಚ್ಚಾಗಿ ಸರಿಯೇ ಇರುತ್ತದೆ. ವಾಕ್ಯದ ನಡುವೆ ಒಂದು ಪಟ್ಟಿ ಬಂತೋ, ಎಲ್ಲರೂ ಅದೇ ಗುಂಡಿಗೆ ಬೀಳುತ್ತಾರೆ.

ಕಳೆದ ಮಳೆಗಾಲದಲ್ಲಿ ಮೀನುಗಾರಿಕೆಯ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಅವಳ ವಾಕ್ಯ ಹೀಗಿತ್ತು: ‘ತ್ರೀ ಹಾರ್ಬರ್ಸ್, ಮಲ್ಪೆ, ಗಂಗೊಳ್ಳಿ ಆಂಡ್ ಮಂಗಳೂರು, ವರ್ ಸ್ಟಡೀಡ್.’

"ಎಷ್ಟು ಬಂದರು?" ಎಂದೆ.

"ಮೂರು ಸರ್."

"ನಾನು ಎಣಿಸಿದರೆ ಆರಾಗುತ್ತದಲ್ಲ ಮಾರಾಯ್ತಿ! ಹೆಸರಿಲ್ಲದ ಮೂರು, ಹೆಸರಿರುವ ಮೂರು."

ಅವಳು ಪೆನ್ನು ತೆಗೆದು ‘ಹಾರ್ಬರ್ಸ್’ ಆದ ಮೇಲಿನ ಅಲ್ಪವಿರಾಮವನ್ನು ಕೋಲನ್ ಮಾಡಿದಳು. ಬಾಣಲೆಯಿಂದ ಬೆಂಕಿಗೆ. ಕೋಲನ್ ಹಾಕಿದ ಮೇಲೆ ಪೂರ್ಣವಿರಾಮದವರೆಗೂ ಪಟ್ಟಿಯೇ ಎಂದು ಓದುಗ ತಿಳಿಯುತ್ತಾನೆ. ‘ವರ್ ಸ್ಟಡೀಡ್’ ದಿಕ್ಕಿಲ್ಲದೆ ಕೊನೆಯಲ್ಲಿ ನಿಂತಿರುತ್ತದೆ. ಅಲ್ಲಿ ಬೇಕಾದದ್ದು ಎರಡು ಡ್ಯಾಶ್: ‘ಹಾರ್ಬರ್ಸ್’ ಆದ ಮೇಲೆ ಒಂದು, ‘ಮಂಗಳೂರು’ ಆದ ಮೇಲೆ ಇನ್ನೊಂದು. ಎರಡು! ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಲನೆಯದನ್ನು ಹಾಕುತ್ತಾರೆ, ಎರಡನೆಯದಕ್ಕೆ ಬರುವಾಗ ಕೈ ತಾನಾಗಿ ಅಲ್ಪವಿರಾಮ ಒತ್ತುತ್ತದೆ. ಆವರಣ ಚಿಹ್ನೆ ಹಾಕುವಾಗ ಯಾರೂ ಹೀಗೆ ಮರೆಯುವುದಿಲ್ಲ, ಏಕೆಂದರೆ ಅದರ ಬಾಗಿದ ಬೆನ್ನೇ ಜೋಡಿಯನ್ನು ನೆನಪಿಸುತ್ತದೆ. ಡ್ಯಾಶ್ ಎರಡು ಕಡೆಯೂ ಒಂದೇ ಗೆರೆ. (ಹೈಫನ್ ಡ್ಯಾಶ್ ಅಲ್ಲ ಎಂಬ ಜಗಳ ಬೇರೆ ಇದೆ, ಇನ್ನೊಮ್ಮೆ ಆಡೋಣ.)

ತಪ್ಪು ನಮ್ಮ ಹುಡುಗರ ದಡ್ಡತನದ್ದಲ್ಲ, ಕನ್ನಡದ ಅಭ್ಯಾಸದ್ದು ಎಂದು ನನ್ನ ಗುಮಾನಿ. ‘ಮಲ್ಪೆ, ಗಂಗೊಳ್ಳಿ, ಮಂಗಳೂರು ಈ ಮೂರೂ ಬಂದರುಗಳನ್ನು’ ಎಂದು ಬರೆಯುವಾಗ ‘ಈ ಮೂರೂ’ ಎಂಬುದೇ ಪಟ್ಟಿಯ ಬಾಗಿಲೆಳೆಯುತ್ತದೆ, ‘ಅನ್ನು’ ಪ್ರತ್ಯಯ ಚಿಲಕ ಹಾಕುತ್ತದೆ. ಚಿಹ್ನೆಗೆ ಕೆಲಸವೇ ಇಲ್ಲ. ಆ ಇಂಗ್ಲಿಷ್ ವಾಕ್ಯದಲ್ಲಿ ಎಣಿಕೆ ಮೊದಲೇ ಮುಗಿದಿರುತ್ತದೆ, ಪಟ್ಟಿಯ ಬಾಲದಲ್ಲಿ ಕಾವಲಿಗೆ ಪದವೇ ಇರುವುದಿಲ್ಲ.

ಪಟ್ಟಿಯ ಅಂಶಗಳ ಒಳಗೇ ಅಲ್ಪವಿರಾಮವಿದ್ದರೆ ಅವುಗಳ ನಡುವೆ ಅರ್ಧವಿರಾಮ ಹಾಕಿ, ಅಷ್ಟೇ. ‘ಆಂಡ್’ ಮುಂಚೆ ಅಲ್ಪವಿರಾಮ ಬೇಕೇ, ಡ್ಯಾಶಿನ ಆಚೀಚೆ ಜಾಗ ಬಿಡಬೇಕೇ ಎಂದರೆ ನಿಮ್ಮ ಪತ್ರಿಕೆಯ ಶೈಲಿಯನ್ನು ನೋಡಿ. ನಾನು ಒಂದೇ ಸರಿ ಎಂದು ಹೇಳಲಾರೆ. ಕರಾರುಪತ್ರವಾದರೆ ವಕೀಲರನ್ನು ಕೇಳದೆ ಒಂದು ಚುಕ್ಕಿಯನ್ನೂ ಮುಟ್ಟುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಕಾನೂನಿನಲ್ಲಿ ಓವರ್‌ಟೈಮ್ ಇಲ್ಲದ ಕೆಲಸಗಳ ಪಟ್ಟಿಯೊಂದಿತ್ತು. ಅದರ ಕೊನೆಯ ‘ಆರ್’ (ಅಥವಾ) ಮುಂಚೆ ಅಲ್ಪವಿರಾಮವಿರಲಿಲ್ಲ, ಹಾಗಾಗಿ ವಿತರಣೆಯೂ ಪಟ್ಟಿಯಲ್ಲಿ ಬೇರೆ ಕೆಲಸವೋ, ವಿತರಣೆಗಾಗಿ ಪ್ಯಾಕ್ ಮಾಡುವುದು ಮಾತ್ರವೋ ಎಂದು ತಿಳಿಯುತ್ತಿರಲಿಲ್ಲ. ಹಾಲಿನ ಕಂಪನಿಯೊಂದರ ಚಾಲಕರು ಅದನ್ನೇ ಹಿಡಿದು 2017ರಲ್ಲಿ ಮೇಲ್ಮನವಿ ಗೆದ್ದರು; ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಹುಡುಗಿ ಎರಡು ವಾರ ಬಿಟ್ಟು ತಿದ್ದಿದ ಪ್ರತಿ ತಂದಳು. ಎಲ್ಲ ಡ್ಯಾಶೂ ಜೋಡಿಯಾಗಿಯೇ ಇತ್ತು, ಆದರೆ ಪುಟಕ್ಕೆ ಐದಾರು ಜೋಡಿ! ಕೂತು ಅರ್ಧಕ್ಕರ್ಧ ವಾಕ್ಯಗಳಲ್ಲಿ ಪಟ್ಟಿಯನ್ನೇ ಕೊನೆಗೆ ಸರಿಸಿ, ಒಂದೊಂದು ಕೋಲನ್ ಹಾಕಿ ಕೊಟ್ಟೆ. "ಅವತ್ತು ಕೋಲನ್ ಬೇಡ ಎಂದಿರಲ್ಲ ಸರ್?" ಎಂದಳು.